ತೋಟಗಾರ ಕೇಳಿಕೊಂಡ ಒಂದು ವರ್ಷ

ಮನೆಯಲ್ಲಿ ಓದಿಕೊಳ್ಳಿ: ಸಂಖ್ಯಾಕಾಂಡ 6:22-27, ಲೂಕ 13:6-9, 2 ಕೊರಿಂಥಿಯರಿಗೆ 4:16



ಕ್ರಿಸ್ತ ಜಯಂತಿಯ ಗೋದಲಿಯನ್ನು ಇನ್ನೂ ತೆಗೆದಿರುವುದಿಲ್ಲ, ಅಷ್ಟರಲ್ಲಿ ಹೊಸ ವರ್ಷ ಬಾಗಿಲಿಗೆ ಬಂದು ನಿಲ್ಲುತ್ತದೆ. ಡಿಸೆಂಬರ್ 31ರ ರಾತ್ರಿ ದೇವಾಲಯದಲ್ಲಿ ಆರಾಧನೆ ಮತ್ತು ಬಲಿಪೂಜೆ, ಹೊರಗೆ ಪಟಾಕಿ, ಕೇಕು, ಶುಭಾಶಯಗಳ ವಿನಿಮಯ. ಮರುದಿನ ಹಳೆಯ ಕ್ಯಾಲೆಂಡರನ್ನು ಇಳಿಸಿ ಹೊಸದನ್ನು ಅದೇ ಮೊಳೆಗೆ ತೂಗುಹಾಕುತ್ತೇವೆ. ಮೊಳೆ ಅದೇ, ಗೋಡೆಯೂ ಅದೇ. ಮನೆಯೊಳಗಿನ ಸಾಲ, ಕಾಯಿಲೆ, ಮುನಿಸು, ಕುಡಿತ ಎಲ್ಲವೂ ನಿನ್ನೆ ಇದ್ದಲ್ಲಿಯೇ ಇವೆ. ಹಾಗಾದರೆ ಹೊಸತಾದದ್ದು ಯಾವುದು?

ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ದುಡಿಯುತ್ತಾರೆ. ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಲಗ್ಗೆರೆ, ರಾಜಗೋಪಾಲನಗರ, ನಂದಿನಿ ಲೇಔಟಿನ ಬೀದಿಗಳಲ್ಲಿ ಅಂಥ ಮನೆಗಳು ಬಹಳ. ರಾತ್ರಿಯ ಪೂಜೆ ಮುಗಿಸಿ ಬಂದ ತಂದೆ, "ಇವತ್ತಿಂದ ಒಂದು ತೊಟ್ಟೂ ಮುಟ್ಟೋದಿಲ್ಲ, ದೇವರಾಣೆ" ಎನ್ನುತ್ತಾರೆ. ಮಗಳು ಮೆಲ್ಲಗೆ, "ಹೋದ್ವರ್ಷಾನೂ ಹೀಗೇ ಹೇಳಿದ್ರಲ್ಲಪ್ಪಾ" ಎನ್ನುತ್ತಾಳೆ. ತಾಯಿ ಏನೂ ಹೇಳದೆ ಕೇಕು ಕತ್ತರಿಸುತ್ತಾರೆ. ಆ ಮಗುವಿನ ಮಾತಿನಲ್ಲಿ ಸಿಟ್ಟಿಲ್ಲ. ಮತ್ತೆ ಮತ್ತೆ ಆಸೆ ಇಟ್ಟುಕೊಂಡು ಸೋತ ಮನಸ್ಸಿನ ಆಯಾಸವಿದೆ.

ಕುಡಿತದ ಜಾಗದಲ್ಲಿ ಬೇರೆ ಏನನ್ನಾದರೂ ಇಟ್ಟುನೋಡಿ: ಅಣ್ಣತಮ್ಮಂದಿರ ಮಾತು ಬಿಟ್ಟ ಮುನಿಸು, ಬಡ್ಡಿಯ ಮೇಲೆ ಬಡ್ಡಿ ಬೆಳೆದ ಸಾಲ, ದೇವಾಲಯದ ಕಡೆ ಮುಖ ಹಾಕದ ಮಗ. ಆಯಾಸ ಒಂದೇ ಬಗೆಯದು. "ಈ ವರ್ಷ ಎಲ್ಲ ಸರಿಹೋಗುತ್ತೆ" ಎಂದು ಹೇಳುವವರಿಗೂ ಅದರಲ್ಲಿ ನಂಬಿಕೆ ಉಳಿದಿರುವುದಿಲ್ಲ. ಇಂಥ ಆಯಾಸದ ನಡುವೆ ದೇವರಲ್ಲಿ ಭರವಸೆಯಿಡುವುದೆಂದರೆ ಏನು? ಈ ವಾರ ಅದನ್ನು ಕಲಿಯೋಣ.

ನಿರ್ಧಾರಕ್ಕೆ ಮೊದಲು ಆಶೀರ್ವಾದ

ಜನವರಿ 1ರಂದು ಧರ್ಮಸಭೆಯು ದೇವಮಾತೆ ಮರಿಯಮ್ಮನವರ ಮಹೋತ್ಸವವನ್ನು ಆಚರಿಸುತ್ತದೆ. ಮರಿಯಮ್ಮನವರನ್ನು ದೇವಮಾತೆ ಎಂದು ಕರೆಯುವುದು ಸರಿಯೆಂದು 431ರಲ್ಲಿ ಎಫೆಸದ ಮಹಾಸಭೆ ಸಾರಿತು. ಜಗದ್ಗುರು ಆರನೆಯ ಪೌಲರು 1968ರಿಂದ ಅದೇ ದಿನವನ್ನು ವಿಶ್ವಶಾಂತಿ ದಿನವನ್ನಾಗಿಯೂ ಮಾಡಿದರು. ಅಂದಿನ ಬಲಿಪೂಜೆಯ ಮೊದಲ ವಾಚನವನ್ನು ಗಮನವಿಟ್ಟು ಕೇಳಿದ್ದೀರಾ? ಲೋಕವೆಲ್ಲ ಹೊಸ ನಿರ್ಧಾರಗಳ ಪಟ್ಟಿ ಬರೆಯುವ ಆ ದಿನ, ಧರ್ಮಸಭೆ ಒಂದು ಆಶೀರ್ವಾದವನ್ನು ಓದುತ್ತದೆ.

ಅದು ಸಂಖ್ಯಾಕಾಂಡದ ಆರನೆಯ ಅಧ್ಯಾಯ. ಆರೋನನೂ ಅವನ ಮಕ್ಕಳೂ ಜನರನ್ನು ಹೇಗೆ ಆಶೀರ್ವದಿಸಬೇಕೆಂದು ಸರ್ವೇಶ್ವರ ಮೋಶೆಗೆ ಕಲಿಸುತ್ತಾರೆ. ಕಾಪಾಡುವುದು, ಮುಖಪ್ರಸನ್ನತೆಯಿಂದ ನೋಡುವುದು, ಶಾಂತಿ ಕೊಡುವುದು, ಈ ಮೂರೂ ಸರ್ವೇಶ್ವರರೇ ಮಾಡುವ ಕೆಲಸಗಳು. ಅಂದು ಇಸ್ರಯೇಲ್ ಜನರು ಇನ್ನೂ ಸೀನಾಯಿ ಬೆಟ್ಟದ ಬುಡದಲ್ಲೇ ಇದ್ದರು. ಅಲ್ಲಿಂದ ಹೊರಟದ್ದು ಹತ್ತನೆಯ ಅಧ್ಯಾಯದಲ್ಲಿ. ಹೊರಟ ಸ್ವಲ್ಪದರಲ್ಲೇ, ಹನ್ನೊಂದನೆಯ ಅಧ್ಯಾಯದಲ್ಲಿ, ಗೊಣಗಾಟ ಶುರು: ಮಾಂಸವಿಲ್ಲ, ಸೌತೆಕಾಯಿಯಿಲ್ಲ, ಈಜಿಪ್ಟೇ ಚೆನ್ನಾಗಿತ್ತು! ಅವರು ಹೀಗೆ ಮಾಡುವರೆಂದು ದೇವರಿಗೆ ತಿಳಿದಿರಲಿಲ್ಲವೇ? ತಿಳಿದೇ ಆಶೀರ್ವದಿಸಿದರು. ಪ್ರಯಾಣಕ್ಕೆ ಮೊದಲೇ, ಅವರು ಏನನ್ನೂ ಸಾಧಿಸಿ ತೋರಿಸುವ ಮೊದಲೇ ಆಶೀರ್ವದಿಸಿದರು.

ಇದೇ ಮೊದಲ ಪಾಠ. ನಮ್ಮ ನವೀಕರಣ ನಮ್ಮ ಹಟದಿಂದ ಆರಂಭವಾಗುವುದಿಲ್ಲ, ದೇವರ ಮುಖಪ್ರಸನ್ನತೆಯಿಂದ ಆರಂಭವಾಗುತ್ತದೆ. "ನಾನು ಸರಿಹೋದ ಮೇಲೆ ದೇವರ ಬಳಿಗೆ ಬರುತ್ತೇನೆ" ಎನ್ನುವವರು ಪಾಪನಿವೇದನೆಗೆ ಬರುವುದೇ ಇಲ್ಲ, ಏಕೆಂದರೆ ಸರಿಹೋಗುವ ದಿನ ಎಂದೂ ಬರುವುದಿಲ್ಲ. ಬಂದವರೇ ಸರಿಹೋಗುತ್ತಾರೆ.

ಬುಡಕ್ಕೆ ಗೊಬ್ಬರ

ಹೊಸ ವರ್ಷಕ್ಕೆ ತಕ್ಕ ಸಾಮತಿಯೊಂದನ್ನು ಯೇಸುಸ್ವಾಮಿ ಹೇಳಿದ್ದಾರೆ. ದ್ರಾಕ್ಷಿತೋಟದಲ್ಲಿ ಒಂದು ಅಂಜೂರದ ಮರ. ಯಜಮಾನ ಮೂರು ವರ್ಷ ಬಂದು ನೋಡಿದರೂ ಹಣ್ಣಿಲ್ಲ. ಕಡಿದುಹಾಕಲು ಅಪ್ಪಣೆಯಾಯಿತು. ಆಗ ತೋಟಗಾರ ಮಧ್ಯೆ ಬಂದು ಇನ್ನೊಂದು ವರ್ಷದ ಅವಕಾಶ ಕೇಳಿಕೊಳ್ಳುತ್ತಾನೆ. ತಾನೇ ಅದರ ಸುತ್ತ ಅಗೆದು ಗೊಬ್ಬರ ಹಾಕುವುದಾಗಿ ಹೇಳುತ್ತಾನೆ.

ತೋಟಗಾರ ಮರಕ್ಕೆ ಬುದ್ಧಿ ಹೇಳುವುದಿಲ್ಲ. ಈ ವರ್ಷವಾದರೂ ಹಣ್ಣು ಬಿಡುತ್ತೇನೆಂದು ಅದರಿಂದ ಪ್ರಮಾಣವನ್ನೂ ಮಾಡಿಸುವುದಿಲ್ಲ. ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಾನೆ. ಆ ತೋಟಗಾರನಲ್ಲಿ ನಾವು ಕ್ರಿಸ್ತರನ್ನೇ ಕಾಣಬಹುದು. ಈಗ ಗೋಡೆಯ ಮೇಲೆ ತೂಗುತ್ತಿರುವ ಹೊಸ ಕ್ಯಾಲೆಂಡರು ಅವರು ನಮಗಾಗಿ ಕೇಳಿಕೊಂಡ ವರ್ಷ.

ಆದರೆ ಅಗೆಯುವುದೆಂದರೆ ಗಟ್ಟಿಯಾದ ಮಣ್ಣು ಬಿರಿಯಬೇಕು. ಗೊಬ್ಬರಕ್ಕೆ ಸುವಾಸನೆ ಇರುವುದಿಲ್ಲ. ಕಳೆದ ವರ್ಷ ನಾವು ಮರೆಯಲು ಬಯಸುವ ಸಂಗತಿಗಳು, ಅವಮಾನ, ನಷ್ಟ, ಬಿದ್ದ ಪಾಪ, ಇವೇ ಆ ತೋಟಗಾರನ ಕೈಯಲ್ಲಿ ಗೊಬ್ಬರವಾಗಬಲ್ಲವು. ಗಾರ್ಮೆಂಟ್ಸಿನಲ್ಲಿ ದುಡಿಯುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲಿಗೆ ತಪ್ಪಿದ ಬಟ್ಟೆಯನ್ನು ಕೂಡಲೇ ಎಸೆಯುವುದಿಲ್ಲ, ಆಲ್ಟರೇಶನ್‌ಗೆ ಕಳಿಸುತ್ತಾರೆ. ತಪ್ಪಾದ ಹೊಲಿಗೆಯನ್ನು ಬಿಚ್ಚಿ ಅದೇ ಬಟ್ಟೆಯನ್ನು ಮತ್ತೆ ಹೊಲಿಯುತ್ತಾರೆ. ಪ್ರವಾದಿ ಯೆರೆಮೀಯ ಕುಂಬಾರನ ಮನೆಯಲ್ಲಿ ಕಂಡದ್ದೂ ಇದನ್ನೇ (18:1-6): ಕೈಯಲ್ಲಿ ಕೆಟ್ಟುಹೋದ ಮಣ್ಣನ್ನು ಕುಂಬಾರ ಚೆಲ್ಲಲಿಲ್ಲ, ಅದರಿಂದಲೇ ಇನ್ನೊಂದು ಮಡಕೆ ಮಾಡಿದ. ದೇವರು ನಮ್ಮನ್ನು ಬದಿಗಿಟ್ಟು ಬೇರೊಬ್ಬರನ್ನು ತರುವುದಿಲ್ಲ. ನಮ್ಮನ್ನೇ ಹೊಸಬರನ್ನಾಗಿ ಮಾಡುತ್ತಾರೆ.

ಫಲ ಕಾಣದೆ ಹೊರಟುಹೋದ ಬಿತ್ತನೆಗಾರ

"ಎಷ್ಟು ವರ್ಷದಿಂದ ಪ್ರಾರ್ಥಿಸುತ್ತಿದ್ದೇನೆ, ಏನೂ ಆಗಿಲ್ಲವಲ್ಲ ಫಾದರ್" ಎಂದು ಕೇಳುವವರಿದ್ದಾರೆ. ಅಂಥವರು ನಮ್ಮ ನಾಡಿನಲ್ಲೇ ದುಡಿದ ಒಬ್ಬ ಗುರುಗಳ ಜೀವನವನ್ನು ತಿಳಿದುಕೊಳ್ಳಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಮೈಸೂರು ಸೀಮೆಯ ಕ್ರೈಸ್ತರು ಚದುರಿಹೋಗಿದ್ದರು. ಅವರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಗುರು ಅಬ್ಬೆ ದ್ಯುಬ್ವಾ. 1792ರಲ್ಲಿ ಭಾರತಕ್ಕೆ ಬಂದಿದ್ದ ಅವರು ಈ ದೇಶದವರಂತೆಯೇ ಉಟ್ಟು, ಉಂಡು, ಜನರ ನಡುವೆ ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನಿಂದಲೇ ಗುರುತಿಸುವ ದೇವಾಲಯ ಇಂದಿಗೂ ಇದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಒಂದು ಬೇಸಾಯದ ನೆಲೆಯನ್ನೂ ಅವರು ಕಟ್ಟಿದರು. ಸಿಡುಬು ಊರೂರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಆ ಕಾಲದಲ್ಲಿ ದೇವಿ ಹಾಕಿಸುವ ಕೆಲಸಕ್ಕೂ ಕೈಹಾಕಿದರು. 1803-04ರಲ್ಲಿ ಹೀಗೆ ದೇವಿ ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆ ಹೇಳುತ್ತದೆ.

ಇಷ್ಟೆಲ್ಲ ಮಾಡಿದ ಗುರುಗಳು 1823ರ ಜನವರಿಯಲ್ಲಿ, ಅದೂ ಒಂದು ಹೊಸ ವರ್ಷದ ಆರಂಭದಲ್ಲಿ, ಭಾರತವನ್ನು ಬಿಟ್ಟು ಹೊರಟರು. ಮೂವತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆಯ ಕೊನೆಗೆ ಅವರ ಮನಸ್ಸಿನಲ್ಲಿ ಸಂತೃಪ್ತಿ ಇರಲಿಲ್ಲ. ಈ ನಾಡಿನಲ್ಲಿ ಕ್ರೈಸ್ತ ವಿಶ್ವಾಸ ಬೇರೂರುವುದರ ಬಗ್ಗೆ ತಮಗೆ ಭರವಸೆಯಿಲ್ಲವೆಂದು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ ಬರೆದರು. ಪ್ಯಾರಿಸಿಗೆ ಮರಳಿ ತಮ್ಮ ಸಭೆಯ ಗುರುಮಠದಲ್ಲಿ ಸೇವೆ ಮಾಡಿ 1848ರಲ್ಲಿ ತೀರಿಕೊಂಡರು.

ಅವರು ಕಾಣದೆ ಹೋದದ್ದನ್ನು ನಾವು ಕಂಡಿದ್ದೇವೆ. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ, 1953ರಲ್ಲಿ ಅದೇ ಮಹಾಧರ್ಮಪ್ರಾಂತ್ಯವಾಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವೂ ಬಂತು. ಇಂದು ಹಾಸನ, ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಿಂದ ಕೆಲಸ ಅರಸಿ ಬೆಂಗಳೂರಿಗೆ ಬರುವ ಕಥೋಲಿಕ ಕುಟುಂಬಗಳು ತಮ್ಮ ಜಪಮಾಲೆಯೊಂದಿಗೆ ಆ ವಿಶ್ವಾಸವನ್ನೂ ಹೊತ್ತು ತರುತ್ತವೆ. ಬಿತ್ತುವವನು ಒಬ್ಬ, ಕೊಯ್ಯುವವನು ಇನ್ನೊಬ್ಬ ಎಂಬ ಮಾತನ್ನು ಯೇಸುಸ್ವಾಮಿ ನೆನಪಿಸಿದ್ದು (ಯೊವಾನ್ನ 4:37) ಇದಕ್ಕಾಗಿಯೇ.

ಇದರಿಂದ ತಿಳಿಯುವುದೇನು? ದ್ಯುಬ್ವಾ ಸ್ವಾಮಿಗಳ ಮನಸ್ಸಿನಲ್ಲಿ ಆಸೆ ಬತ್ತಿದರೂ ಅವರ ಕೈಯ ಕೆಲಸವನ್ನು ದೇವರು ಬತ್ತಿಸಲಿಲ್ಲ. ದಾರಿ ತಪ್ಪಿದ ಮಗನಿಗಾಗಿ ತಾಯಿ ಹೇಳಿದ ಜಪಸರ, ಮುನಿಸಿಕೊಂಡ ತಮ್ಮನ ಮನೆಗೆ ಅಕ್ಕ ಮತ್ತೆ ಮತ್ತೆ ಕಳಿಸಿದ ಹಬ್ಬದ ತಿಂಡಿ, ಇವುಗಳ ಫಲ ಈ ಡಿಸೆಂಬರಿನೊಳಗೆ ಕಾಣಬೇಕೆಂಬ ನಿಯಮವಿಲ್ಲ. ನಾವು ವರ್ಷದ ಲೆಕ್ಕ ಮುಗಿಸಿ ಪುಸ್ತಕ ಮುಚ್ಚುತ್ತೇವೆ. ದೇವರು ಮುಚ್ಚುವುದಿಲ್ಲ.

ಮೂರು ತಿಂಗಳ ಪ್ರತಿಜ್ಞೆ

ಕಾಯುವುದು ಒಂದು ಮಾತಾಯಿತು. ಬದಲಾಗಲೇಬೇಕಾದವರು ಏನು ಮಾಡಬೇಕು? ಅದಕ್ಕೆ ಒಬ್ಬ ಕೂಲಿಕಾರರ ಉದಾಹರಣೆ ಇದೆ.

ಐರ್ಲೆಂಡಿನ ಡಬ್ಲಿನ್ ನಗರದ ಬಡ ಕುಟುಂಬವೊಂದರಲ್ಲಿ 1856ರಲ್ಲಿ ಮ್ಯಾಟ್ ಟಾಲ್ಬಟ್ ಹುಟ್ಟಿದರು. ಹನ್ನೆರಡರ ವಯಸ್ಸಿಗೆ ಮದ್ಯದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ಕುಡಿತ ಕಲಿತರು. ಹದಿನಾರು ವರ್ಷ ದುಡಿದದ್ದೆಲ್ಲ ಕುಡಿತಕ್ಕೆ ಹೋಯಿತು. ಒಮ್ಮೆ ಬೀದಿಯ ಪಿಟೀಲು ವಾದಕನೊಬ್ಬನ ಪಿಟೀಲನ್ನೇ ಕದ್ದು ಮಾರಿ ಕುಡಿದರು. 1884ರ ಒಂದು ಶನಿವಾರ ಕೈಯಲ್ಲಿ ಕಾಸಿಲ್ಲದೆ ಹೆಂಡದಂಗಡಿಯ ಹೊರಗೆ ನಿಂತಿದ್ದಾಗ, ತಾವು ಎಷ್ಟೋ ಸಲ ಕುಡಿಸಿದ್ದ ಗೆಳೆಯರಲ್ಲಿ ಒಬ್ಬನೂ ಒಳಗೆ ಕರೆಯಲಿಲ್ಲ. ನೇರವಾಗಿ ಮನೆಗೆ ಹೋಗಿ, ಕುಡಿತ ಬಿಡುವ ಪ್ರತಿಜ್ಞೆ ತೆಗೆದುಕೊಳ್ಳುತ್ತೇನೆಂದು ತಾಯಿಗೆ ಹೇಳಿದರು. ಪಾಲಿಸುವ ಮನಸ್ಸಿದ್ದರೆ ಮಾತ್ರ ಹೋಗು ಎಂದು ಆ ತಾಯಿ ಎಚ್ಚರಿಸಿದರು.

ಟಾಲ್ಬಟ್ ಗುರುಗಳ ಬಳಿ ಹೋಗಿ ಪ್ರತಿಜ್ಞೆ ಮಾಡಿದ್ದು ಕೇವಲ ಮೂರು ತಿಂಗಳಿಗೆ. ಆಜೀವ ಪ್ರತಿಜ್ಞೆಗೆ ಅವರಿಗೆ ಧೈರ್ಯವಿರಲಿಲ್ಲ. ಆ ಮೂರು ತಿಂಗಳು ನರಕವಾಗಿತ್ತು, ಆದರೂ ಮುಗಿಯಿತು. ಮತ್ತೆ ಅವಧಿ ಬೆಳೆಸಿದರು, ಕೊನೆಗೆ ಜೀವನಪೂರ್ತಿಗೆ ಮಾಡಿದರು. ಕೆಲಸಕ್ಕೆ ಮೊದಲು ಪ್ರತಿದಿನ ಬೆಳಗಿನ ಜಾವದ ಬಲಿಪೂಜೆಗೆ ಹೋದರು. ಆಸೆ ಕೆರಳದಿರಲೆಂದು ಜೇಬಿನಲ್ಲಿ ಹಣ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಸಾಲಗಳನ್ನು ತೀರಿಸಿದರು. ಪಿಟೀಲಿನವನನ್ನು ಊರೆಲ್ಲ ಹುಡುಕಿದರು. ಅವನು ಸಿಗದಿದ್ದಾಗ ಆ ಹಣವನ್ನು ಅವನಿಗಾಗಿ ಪೂಜೆ ಮಾಡಿಸಲು ಕೊಟ್ಟರು. ಮರದ ಅಡ್ಡೆಯಲ್ಲಿ ಕೂಲಿ ಮಾಡುತ್ತಲೇ ಬಾಳಿ 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಪ್ರಾಣಬಿಟ್ಟರು. ಧರ್ಮಸಭೆ 1975ರಲ್ಲಿ ಅವರನ್ನು ಪೂಜ್ಯರೆಂದು ಸಾರಿತು.

ಆ ಮೂರು ತಿಂಗಳ ಪ್ರತಿಜ್ಞೆಯಲ್ಲಿ ದೊಡ್ಡ ವಿವೇಕವಿದೆ. ನಾವು ಜನವರಿ 1ರಂದು 365 ದಿನಗಳ ಮಾತು ಕೊಡುತ್ತೇವೆ, ಸಂಕ್ರಾಂತಿಯೊಳಗೆ ಮುರಿಯುತ್ತೇವೆ, ಉಳಿದ ವರ್ಷ ನಾಚಿಕೆಯಲ್ಲಿ ಕಳೆಯುತ್ತೇವೆ. ಆದರೆ ದೇವರ ಕರುಣೆ ಪ್ರತಿ ಮುಂಜಾನೆಯೂ ಹೊಸದಾಗಿ ಬರುತ್ತದೆಂದು ಪ್ರಲಾಪಗಳ ಗ್ರಂಥ ಕಲಿಸುತ್ತದೆ (3:22-23), ಅದೂ ಜೆರುಸಲೇಮ್ ಹಾಳಾಗಿ ಬಿದ್ದಿದ್ದ ಕಾಲದಲ್ಲಿ. ಒಳಗಿನ ಮನುಷ್ಯ ದಿನದಿಂದ ದಿನಕ್ಕೆ ಹೊಸಬನಾಗುತ್ತಾನೆ ಎಂಬುದು ಸಂತ ಪೌಲರ ಬೋಧನೆ. ಯೇಸುಸ್ವಾಮಿ ನಮಗೆ ಬೇಡಲು ಕಲಿಸಿದ್ದು ಆಯಾ ದಿನದ ಆಹಾರವನ್ನು, ವರ್ಷದ ದಾಸ್ತಾನನ್ನಲ್ಲ. ಮಂಗಳವಾರ ಬಿದ್ದವನಿಗೆ ಬುಧವಾರದ ಬೆಳಗಿನ ಕರುಣೆ ಇದೆ. ಅವನು ಮುಂದಿನ ಜನವರಿಗೆ ಕಾಯಬೇಕಾಗಿಲ್ಲ.

ಭರವಸೆ ಯಾವುದು, ಯಾವುದಲ್ಲ

ಮೊದಲನೆಯದಾಗಿ, ಭರವಸೆ ವರ್ಷಭವಿಷ್ಯವಲ್ಲ. ಟಿ.ವಿ.ಯಲ್ಲಿಯೂ ಪತ್ರಿಕೆಯಲ್ಲಿಯೂ ಬರುವ ರಾಶಿಫಲವನ್ನು ತಮಾಷೆಗೆಂದು ನೋಡುತ್ತಾ ನೋಡುತ್ತಾ ಮನಸ್ಸು ಅದಕ್ಕೆ ಅಂಟಿಕೊಳ್ಳುತ್ತದೆ. ಮುಂದೇನಾಗುತ್ತದೆಂದು ತಿಳಿದುಕೊಳ್ಳುವ ಆತುರ ಬೇರೆ, ಮುಂದೇನಾದರೂ ತಂದೆಯ ಕೈಯಲ್ಲಿದ್ದೇನೆಂಬ ನೆಮ್ಮದಿ ಬೇರೆ.

ಎರಡನೆಯದಾಗಿ, ಭರವಸೆ ಕೈಕಟ್ಟಿ ಕೂರುವುದಲ್ಲ. ಕುಡಿತದ ಚಟವನ್ನು ವೈದ್ಯರು ಚಿಕಿತ್ಸೆ ಬೇಕಾದ ಕಾಯಿಲೆಯೆಂದು ಕಾಣುತ್ತಾರೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದರೂ ಕುಡಿತ ಮನೆಗಳನ್ನು ಬಿಟ್ಟುಹೋಗಲಿಲ್ಲ. ಬಹಳ ವರ್ಷ ದಿನವೂ ಹೆಚ್ಚು ಕುಡಿದವರು ಹಬ್ಬದ ಉತ್ಸಾಹದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ವೈದ್ಯರನ್ನು ಕಂಡೇ ಬಿಡಬೇಕು. ನಮ್ಮ ನಗರದ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸಭೆಗಳೂ ಬೆಂಗಳೂರಿನಲ್ಲಿ ನಡೆಯುತ್ತವೆ. ನನ್ನ ಬಲ ಸಾಲದು, ನನಗಿಂತ ದೊಡ್ಡ ಶಕ್ತಿಗೆ ನನ್ನನ್ನು ಒಪ್ಪಿಸಿಕೊಳ್ಳುತ್ತೇನೆ, ಇವತ್ತೊಂದು ದಿನ ಕುಡಿಯುವುದಿಲ್ಲ ಎಂಬುದೇ ಅಲ್ಲಿಯ ದಾರಿ. ಅದರ ಆರಂಭದ ದಿನಗಳಲ್ಲಿ ಆಕ್ರನ್ ನಗರದ ಸಂತ ತೋಮಸರ ಆಸ್ಪತ್ರೆಯ ಕನ್ಯಾಸ್ತ್ರೀ ಇಗ್ನೇಷಿಯಾ ಅವರು, ಬೇರೆಯವರು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದ ಕುಡುಕರಿಗೆ ಹಾಸಿಗೆ ಕೊಟ್ಟು ಆರೈಕೆ ಮಾಡಿದರು. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದೇ ದೇವರ ಎರಡು ಕೈಗಳು.

ಮೂರನೆಯದಾಗಿ, ಭರವಸೆ ಹೊಡೆತವನ್ನು ಸಹಿಸಿಕೊಳ್ಳುವುದಲ್ಲ. "ಪ್ರಾರ್ಥಿಸಮ್ಮಾ, ಒಂದು ದಿನ ಸರಿಹೋಗ್ತಾನೆ" ಎಂದು ಹೇಳಿ ಹೆಣ್ಣುಮಗಳನ್ನು ಪೆಟ್ಟು ತಿನ್ನಲು ಮನೆಗೆ ಕಳಿಸುವುದು ಕ್ರೈಸ್ತ ಸಲಹೆಯಲ್ಲ. ಅವಳೂ ಅವಳ ಮಕ್ಕಳೂ ಮೊದಲು ಸುರಕ್ಷಿತರಾಗಬೇಕು. ವಿಚಾರಣಾ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ, ನಂಬಿಕೆಯ ನೆರೆಯವರಿಗೆ ತಿಳಿಸಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಗಂಡನ ಮನಪರಿವರ್ತನೆಗಾಗಿ ದೂರದಲ್ಲಿದ್ದುಕೊಂಡೂ ಪ್ರಾರ್ಥಿಸಬಹುದು. ಶಿಶು ಯೇಸುವಿನ ಪ್ರಾಣಕ್ಕೆ ಅಪಾಯ ಬಂದಾಗ ಸಂತ ಜೋಸೆಫರು ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು (ಮತ್ತಾಯ 2:13-14). ದೇವರಲ್ಲಿ ಅವರ ಭರವಸೆ ಕಾಲಿಗೆ ಬಲ ಕೊಟ್ಟಿತು.

ಈ ಜನವರಿಯಲ್ಲಿ ಮನೆಯವರೆಲ್ಲ ಸೇರಿ

1. ಮಲಗುವ ಮುನ್ನ ತಂದೆತಾಯಿ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಆಶೀರ್ವದಿಸಲಿ. ರಾತ್ರಿ ಪಾಳಿಗೆ ಹೋಗುವವರು ಹೊರಡುವ ಮೊದಲು ಹಾಕಲಿ. ಬೈದ ದಿನವೂ ತಪ್ಪಿಸಬಾರದು.

2. ವರ್ಷದ ನಿರ್ಧಾರದ ಬದಲು ಒಂದು ವಾರದ ನಿರ್ಧಾರ ಮಾಡಿ. ಮುಂದಿನ ಭಾನುವಾರದ ಪೂಜೆಯಲ್ಲಿ ಅದನ್ನು ದೇವರಿಗೊಪ್ಪಿಸಿ ಹೊಸದಾಗಿ ಆರಂಭಿಸಿ.

3. ಜನವರಿ ಮುಗಿಯುವುದರೊಳಗೆ ಮನೆಯವರೆಲ್ಲ ಪಾಪನಿವೇದನೆ ಮಾಡಿ.

4. ನಮ್ಮ "ಪಿಟೀಲು" ಯಾವುದೆಂದು ಯೋಚಿಸಿ: ತೀರಿಸದ ಚೀಟಿ ಹಣ, ಹಿಂದಿರುಗಿಸದ ವಸ್ತು, ಕೇಳದ ಕ್ಷಮೆ. ಒಂದನ್ನಾದರೂ ಸರಿಪಡಿಸಿ.

5. ಬಿದ್ದವರು ಎದ್ದು ಬಂದಾಗ "ಮತ್ತೆ ಶುರುವಾಯ್ತು" ಎಂದು ಹಂಗಿಸಬೇಡಿ. ಒಳ್ಳೆಯ ದಿನವೊಂದು ಕಳೆದಾಗ ಅದನ್ನು ಗುರುತಿಸಿ ಒಂದು ಮಾತು ಹೇಳಿ.

ಕುಟುಂಬದಲ್ಲಿ ಚರ್ಚಿಸಿ

ಕಳೆದ ವರ್ಷದ ಯಾವ ಸಂಗತಿಯನ್ನು ಗೊಬ್ಬರವಾಗಿ ತೋಟಗಾರನ ಕೈಗೆ ಕೊಡಬೇಕಾಗಿದೆ? ನಮ್ಮ ಮನೆಯಲ್ಲಿ ಯಾರ ವಿಷಯದಲ್ಲಿ ನಾವು ಆಸೆ ಬಿಟ್ಟಿದ್ದೇವೆ? ಅವರಿಗಾಗಿ ಇನ್ನೊಂದು ವರ್ಷ ಕೇಳಿಕೊಳ್ಳಲು, ಅವರ ಬುಡವನ್ನು ಅಗೆಯುವ ಕೆಲಸಕ್ಕೆ ಕೈಜೋಡಿಸಲು ನಾವು ಸಿದ್ಧರೇ?

ಪ್ರಾರ್ಥನೆ

ಕರುಣಾಮಯ ತಂದೆಯೇ, ನಾವು ಗಳಿಸದ ಈ ವರ್ಷವನ್ನು ನೀವೇ ಕೊಟ್ಟಿದ್ದೀರಿ. ನಮ್ಮ ಗಟ್ಟಿಯಾದ ಮಣ್ಣನ್ನು ಅಗೆಯಿರಿ. ಮಾತು ಮುರಿದು ನಾಚಿದವರಿಗೆ ನಾಳಿನ ಬೆಳಗನ್ನು ಕೊಡಿ. ಆಸೆ ಇಟ್ಟು ದಣಿದ ತಾಯಂದಿರನ್ನೂ ಮಕ್ಕಳನ್ನೂ ನಿಮ್ಮ ಮುಖಪ್ರಸನ್ನತೆಯಿಂದ ನೋಡಿರಿ. ನಾವು ಬಿತ್ತಿದ್ದರ ಫಲವನ್ನು ನಾವೇ ಕಾಣದಿದ್ದರೂ ನಿಮ್ಮನ್ನು ನಂಬುವ ಕೃಪೆ ನೀಡಿರಿ. ದೇವಮಾತೆ ಮರಿಯಮ್ಮನವರ ಪ್ರಾರ್ಥನೆಯ ಮೂಲಕ, ನಮ್ಮ ಪ್ರಭು ಕ್ರಿಸ್ತರ ನಾಮದಲ್ಲಿ ಬೇಡುತ್ತೇವೆ. ಆಮೆನ್.